ಮುಖಪುಟವೆಂಬ ಪ್ರರೋಚನೆ: ಪತ್ತೇದಾರಿ ಕಾದಂಬರಿಗಳ ಹೊದಿಕೆಯ ಚಿತ್ರಗಳನ್ನು ಕುರಿತ ಒಂದು ವಿಚಾರ

೧

ನಾಟ್ಯಶಾಸ್ತ್ರದ ಐದನೆಯ ಅಧ್ಯಾಯದಲ್ಲಿ ಪೂರ್ವರಂಗದ ಅಂಗಗಳನ್ನು ಎಣಿಸುತ್ತ ಭರತಮುನಿಯು ಕಟ್ಟಕಡೆಗೆ ಪ್ರರೋಚನೆಯನ್ನು ಹೇಳಿರುವನು. ಮುಂದೆ ಆಡಲಿರುವ ರೂಪಕದ ವಸ್ತುವನ್ನು ಸೂಚಿಸಿ ಸಭಾಸದರ ಮನಸ್ಸನ್ನು ಅದರ ಕಡೆಗೆ ತಿರುಗಿಸುವುದೇ ಇದರ ಕಾರ್ಯವು. ದಶರೂಪಕಕಾರನಾದ ಧನಂಜಯನೂ ಇದನ್ನು ಭಾರತೀವೃತ್ತಿಯ ಅಂಗಗಳಲ್ಲಿ ಸೇರಿಸಿ, ಪ್ರಶಂಸೆಯಿಂದ ಪ್ರೇಕ್ಷಕರನ್ನು ಉನ್ಮುಖರನ್ನಾಗಿ ಮಾಡುವುದು ಅದರ ಲಕ್ಷಣವೆಂದಿರುವನು. ರಂಗದ ಮೇಲೆ ಈ ಕೆಲಸಕ್ಕೆ ಸೂತ್ರಧಾರನಿರುವನು. ಅಚ್ಚಾದ ಗ್ರಂಥಕ್ಕೆ ಸೂತ್ರಧಾರನೆಲ್ಲಿ? ಅಂಗಡಿಯ ಹಲಗೆಯ ಮೇಲೆ ನೂರು ಪುಸ್ತಕಗಳ ನಡುವೆ ಮೌನವಾಗಿ ಬಿದ್ದಿರುವ ಒಂದು ಪುಸ್ತಕದ ಪರವಾಗಿ ಮಾತನಾಡತಕ್ಕುದು ಅದರ ಹೊದಿಕೆಯ ಮೇಲಿನ ಚಿತ್ರವೊಂದೇ. ಆದುದರಿಂದ ಮುಖಪುಟವನ್ನು ಮುದ್ರಿತಗ್ರಂಥದ ಪ್ರರೋಚನೆಯೆಂದು ಕರೆಯುವುದು ಉಚಿತವೆಂದು ತೋರುವುದು.

ನಮ್ಮ ಶಿಲ್ಪಿಗಳಿಗೂ ಈ ತತ್ತ್ವವು ಹೊಸದಲ್ಲ. ಹಿಂದೆ ಯಲಬುರ್ಗಾ ತಾಲ್ಲೂಕಿಗೂ ಈಗ ಕುಕನೂರು ತಾಲ್ಲೂಕಿಗೂ ಸೇರಿದ ಇಟಗಿಯಲ್ಲಿ ಕ್ರಿ. ಶ. ೧೧೧೨ರಲ್ಲಿ ಮಹಾದೇವ ದಂಡನಾಯಕನು ಕಟ್ಟಿಸಿದ ದೇವಾಲಯವನ್ನು ಕಂಡವರು ಅದರ ಬಾಗಿಲವಾಡಗಳ ಮುಂದೆ ಗರ್ಭಗುಡಿಯನ್ನೇ ಮರೆತು ನಿಲ್ಲುವುದುಂಟು. ದ್ವಾರಬಂಧದ ನೆತ್ತಿಯ ನಡುವೆ ಇರುವ ಲಲಾಟಬಿಂಬವು ಒಳಗೆ ಹೋಗತಕ್ಕವನ ಮನಸ್ಸನ್ನು ಒಳಗಿನ ದೈವಕ್ಕಾಗಿ ಸಿದ್ಧಗೊಳಿಸುವುದು. ಬಾಗಿಲಿನ ಶಿಲ್ಪವನ್ನು ಶಾಸ್ತ್ರಕಾರರು ಕೀಳೆಂದು ಭಾವಿಸಲಿಲ್ಲ. ಅದಕ್ಕೂ ಲಕ್ಷಣವನ್ನು ಬರೆದರು. ಪುಸ್ತಕದ ಬಾಗಿಲಿಗೆ ಮಾತ್ರ ನಾವು ಇನ್ನೂ ಲಕ್ಷಣವನ್ನು ಬರೆದಿಲ್ಲ. ಅದರಲ್ಲಿಯೂ ಪತ್ತೇದಾರಿ ಕಾದಂಬರಿಯೆಂಬ ಜನಪ್ರಿಯ ವಾಙ್ಮಯದ ಬಾಗಿಲುಗಳನ್ನು ಕಣ್ಣೆತ್ತಿಯೂ ನೋಡಿಲ್ಲ. ಆ ಕೊರತೆಯನ್ನು ಕಿಂಚಿತ್ತಾದರೂ ತುಂಬಬೇಕೆಂಬುದೇ ಈ ಲೇಖನದ ಉದ್ದೇಶವು.

೨

ಮೊದಲು ಈ ಜಾತಿಯ ಪುಸ್ತಕಗಳ ಹುಟ್ಟನ್ನು ಸಂಕ್ಷೇಪವಾಗಿ ಹೇಳಬೇಕು. ಅಮೆರಿಕಾ ದೇಶದಲ್ಲಿ ಫ್ರಾಂಕ್ ಮನ್ಸಿ ಎಂಬ ಪ್ರಕಾಶಕನು ೧೮೯೬ರಲ್ಲಿ ತನ್ನ ‘ಆರ್ಗೊಸಿ’ ಪತ್ರಿಕೆಯನ್ನು ಮರದ ತಿರುಳಿನಿಂದ ಮಾಡಿದ ಒರಟು ಕಾಗದದ ಮೇಲೆ, ಕೇವಲ ಕತೆಗಳಿಂದ ತುಂಬಿ, ಅಗ್ಗದ ಬೆಲೆಗೆ ಹೊರಡಿಸಿದನು. ತಿರುಳಿಗೆ ಆಂಗ್ಲರು ಪಲ್ಪ್ ಎನ್ನುವರಾದ್ದರಿಂದ ಈ ಜಾತಿಯ ಪತ್ರಿಕೆಗಳಿಗೆಲ್ಲ ಪಲ್ಪ್ ಪತ್ರಿಕೆಗಳೆಂದೇ ಹೆಸರಾಯಿತು. ೧೯೨೦ರಲ್ಲಿ ‘ಬ್ಲ್ಯಾಕ್ ಮಾಸ್ಕ್’, ೧೯೨೩ರಲ್ಲಿ ‘ವಿಯರ್ಡ್ ಟೇಲ್ಸ್’, ೧೯೨೬ರಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬಿವು ಬಂದುವು. ಒಳಗಿನ ಕಾಗದವು ಎಷ್ಟು ಹೀನವೋ ಹೊರಗಿನ ಹೊದಿಕೆಯು ಅಷ್ಟು ನುಣುಪು, ಅಷ್ಟು ಉಜ್ಜ್ವಲ. ‘ಅಮೇಜಿಂಗ್ ಸ್ಟೋರೀಸ್’ಗೆ ಫ್ರಾಂಕ್ ಪಾಲ್ ಎಂಬಾತನು ಬರೆದ ಆಕಾಶಯಾನಗಳ ಚಿತ್ರಗಳೂ, ೧೯೩೦ರ ದಶಕದಲ್ಲಿ ‘ವಿಯರ್ಡ್ ಟೇಲ್ಸ್’ಗೆ ಮಾರ್ಗರೆಟ್ ಬ್ರಂಡೇಜ್ ಎಂಬ ಚಿತ್ರಕರ್ತ್ರಿಯು ಬಣ್ಣದ ಸೀಮೆಸುಣ್ಣದಿಂದ ಬರೆದ ಚಿತ್ರಗಳೂ ಇಂದು ಆ ದೇಶದಲ್ಲಿ ಕಲಾವಸ್ತುಗಳೆಂದೇ ಗಣನೆಗೆ ಬಂದಿವೆ.

ಇಲ್ಲಿ ಒಂದು ವಿನೋದವನ್ನು ಗಮನಿಸಬಹುದು. ಆಂಗ್ಲರು ಯಾವ ತಿರುಳಿನ ಹೆಸರಿನಿಂದ ಅಗ್ಗದ ಸಾಹಿತ್ಯವನ್ನು ಕರೆದರೋ ಅದೇ ತಿರುಳೆಂಬ ಮಾತು ಕನ್ನಡದಲ್ಲಿ ಸಾರವೆಂಬ ಅರ್ಥವನ್ನು ಕೊಡುವುದು. ಕವಿರಾಜಮಾರ್ಗಕಾರನು ಕನ್ನಡದ ತಿರುಳಿನ ನಾಡನ್ನು ಹೇಳುವಾಗ ಕಿಸುವೊಳಲು, ಪುಲಿಗೆರೆ, ಒಂಕುಂದಗಳೊಡನೆ ಎಣಿಸಿದ ಕೊಪಣವೇ ಇಂದಿನ ಕೊಪ್ಪಳವೆಂಬುದು ವಾಚಕರಿಗೆ ವಿದಿತವಾಗಿಯೇ ಇದೆ. ಆ ತಿರುಳುಗನ್ನಡದ ಸೀಮೆಯಲ್ಲಿ ಈ ತಿರುಳುಕಾಗದದ ಪುಸ್ತಕಗಳು ಹೇಗೆ ಬಂದು ಹರಡಿದುವೆಂಬುದು ನಮಗೆ ಇಲ್ಲಿ ಪ್ರಕೃತವಾದ ವಿಷಯವು.

ಕನ್ನಡದಲ್ಲಿ ಈ ಸಾಹಿತ್ಯವು ಮಾಸಪತ್ರಿಕೆಗಿಂತ ಹೆಚ್ಚಾಗಿ ಕೈಯಲ್ಲಿ ಹಿಡಿದು ಒಂದೇ ಪಯಣದಲ್ಲಿ ಮುಗಿಸಬಹುದಾದ ಕಿರಿಯ ಕಾದಂಬರಿಯ ರೂಪವನ್ನು ತಾಳಿತು. ಇದರ ಮುಖ್ಯ ಕರ್ತೃಗಳು ಎನ್. ನರಸಿಂಹಯ್ಯನವರು (೧೯೨೫–೨೦೧೧). ಶಾಲೆಯಲ್ಲಿ ನಾಲ್ಕನೆಯ ತರಗತಿಗಿಂತ ಮುಂದೆ ಓದದ ಇವರು ೧೯೫೨ರಲ್ಲಿ ‘ಪತ್ತೇದಾರ ಪುರುಷೋತ್ತಮ’ವನ್ನು ಪ್ರಕಟಿಸಿ, ಜೀವಮಾನದಲ್ಲಿ ಐನೂರಕ್ಕಿಂತ ಹೆಚ್ಚು ಕಾದಂಬರಿಗಳನ್ನು ಬರೆದರು. ಪುರುಷೋತ್ತಮ, ಮಧುಸೂದನ, ಅರಿಂಜಯ ಮೊದಲಾದ ಪತ್ತೇದಾರರ ಹೆಸರುಗಳು ಮನೆಮಾತಾದುವು. ಕನ್ನಡ ಚಳವಳಿಯ ಮುಂದಾಳುಗಳೂ ಹಳದಿ–ಕೆಂಪು ಬಾವುಟದ ನಿರ್ಮಾತೃಗಳೂ ಆಗಿದ್ದ ಮ. ರಾಮಮೂರ್ತಿಯವರೂ (೧೯೧೮–೧೯೬೭) ಇದೇ ಜಾತಿಯ ಅನೇಕ ಕಾದಂಬರಿಗಳನ್ನು ಬರೆದವರು. ಇವರಿಬ್ಬರ ಹೆಸರುಗಳು ಉಳಿದಿವೆ. ಇವರ ಪುಸ್ತಕಗಳನ್ನು ಕೊಳ್ಳುವವನ ಕೈಗೆ ಸೇರಿಸಿದ ಚಿತ್ರಗಾರರ ಹೆಸರುಗಳು ಬಹುಮಟ್ಟಿಗೆ ಅಳಿದುಹೋಗಿವೆ.

೩

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು ೧೯೪೮ರ ವರೆಗೆ ನಿಜಾಮರ ರಾಜ್ಯಕ್ಕೆ ಸೇರಿದ್ದುವು. ಅಲ್ಲಿ ರಾಜ್ಯಭಾಷೆಯು ಉರ್ದು. ಮೇಲಿನ ವಿದ್ಯಾಭ್ಯಾಸವೂ ಉರ್ದುವಿನಲ್ಲಿಯೇ. ಕನ್ನಡದ ಅಚ್ಚಿನ ಪುಸ್ತಕವು ಪಶ್ಚಿಮದ ಗದಗು, ಹುಬ್ಬಳ್ಳಿ, ಧಾರವಾಡಗಳಿಂದ ಗಡಿಯನ್ನು ದಾಟಿ ಬರಬೇಕಾಗಿದ್ದಿತು. ಗದಗಿನಿಂದ ಹೊಸಪೇಟೆಗೆ ಹೋಗುವ ರೈಲುದಾರಿಯು ಕೊಪ್ಪಳವನ್ನು ಹಾಯ್ದು ಹೋಗುವುದರಿಂದ ಆ ಊರಿಗೆ ಪುಸ್ತಕವು ಬೇಗ ಮುಟ್ಟುತ್ತಿದ್ದಿತು. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪಟ್ಟಣಗಳಿಗೆ ಆಗ ರೈಲಿರಲಿಲ್ಲ. ಅಲ್ಲಿಗೆ ಮೋಟಾರು ಬಸ್ಸಿನ ನೆತ್ತಿಯ ಮೇಲೆಯೇ ಪುಸ್ತಕದ ಗಂಟುಗಳು ಹೋಗಬೇಕು. ೧೯೫೬ರಲ್ಲಿ ಈ ಸೀಮೆಯು ರಾಯಚೂರು ಜಿಲ್ಲೆಯೊಡನೆ ಕನ್ನಡ ರಾಜ್ಯಕ್ಕೆ ಸೇರಿ, ೧೯೯೭ರಲ್ಲಿ ಕೊಪ್ಪಳವು ಬೇರೆ ಜಿಲ್ಲೆಯಾಯಿತು.

ಈ ಚರಿತ್ರೆಯಿಂದ ಹೊರಡುವ ಫಲವು ಗಮನಾರ್ಹವಾದುದು. ಉರ್ದು ಶಾಲೆಯಲ್ಲಿ ಓದಿದವರು, ಅಕ್ಷರವನ್ನು ಕೂಡಿಸಿ ಕೂಡಿಸಿ ಓದುವವರು, ಓದನ್ನು ಅರ್ಧಕ್ಕೆ ಬಿಟ್ಟವರು ಇಂತಹವರೇ ಹೆಚ್ಚಾಗಿದ್ದ ಸೀಮೆಯಲ್ಲಿ ಪುಸ್ತಕವನ್ನು ಮೊದಲು ಓದುವುದು ಕಣ್ಣೇ ಹೊರತು ನಾಲಗೆಯಲ್ಲ. ಹೊದಿಕೆಯ ಚಿತ್ರವು ಆ ಜನಕ್ಕೆ ಕನ್ನಡದ ಓದಿನ ಮೊದಲ ಮೆಟ್ಟಿಲಾಯಿತು. ಗವಿಮಠದ ಜಾತ್ರೆಯಲ್ಲಿ ಗೋಣಿತಟ್ಟಿನ ಮೇಲೆ ಪಂಚಾಂಗ, ಹಾಡಿನ ಪುಸ್ತಕ, ಶರಣರ ಚರಿತ್ರೆಗಳ ಪಕ್ಕದಲ್ಲಿಯೇ ಪತ್ತೇದಾರಿ ಕಾದಂಬರಿಗಳನ್ನು ಹರಡಿದ್ದುದನ್ನು ಈ ಲೇಖಕನು ೧೯೮೦ರ ದಶಕದಲ್ಲಿ ಕಂಡಿದ್ದಾನೆ. ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿಗಳಾದ ನಾವು ಅಮರಕೋಶದ ಕೆಳಗೆ ಇವುಗಳನ್ನು ಬಚ್ಚಿಟ್ಟು ಓದುತ್ತಿದ್ದುದೂ ಉಂಟು. ಅವುಗಳ ಕತೆಗಳಲ್ಲಿ ಹೆಚ್ಚಿನವು ಈಗ ಮರೆತುಹೋಗಿವೆ. ಹೊದಿಕೆಗಳು ಮಾತ್ರ ಮರೆತಿಲ್ಲ.

೪

ಈ ಚಿತ್ರಗಳ ಗುಣವನ್ನು ತಿಳಿಯಬೇಕಾದರೆ ಅವುಗಳನ್ನು ಅಚ್ಚುಮಾಡುತ್ತಿದ್ದ ಕ್ರಮವನ್ನು ಅರಿಯಬೇಕು. ೧೯೫೦ರಿಂದ ಸುಮಾರು ೧೯೭೫ರ ವರೆಗೆ ಕನ್ನಡದ ಚಿಕ್ಕ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸಿ ಅಚ್ಚೊತ್ತುವುದೇ ಪದ್ಧತಿಯಾಗಿದ್ದಿತು. ಚಿತ್ರಕ್ಕೆ ಸತುವಿನ ತಗಡಿನ ಮೇಲೆ ಆಮ್ಲದಿಂದ ಕೊರೆದ ಬ್ಲಾಕು ಬೇಕು. ಬಣ್ಣವೊಂದಕ್ಕೆ ಬ್ಲಾಕೊಂದು, ಬ್ಲಾಕೊಂದಕ್ಕೆ ಯಂತ್ರದಲ್ಲಿ ಒಂದು ಸುತ್ತು. ಮೂರು ಬಣ್ಣಗಳಾದರೆ ಒಂದೇ ಹಾಳೆಯು ಮೂರು ಸಲ ಯಂತ್ರದೊಳಗೆ ಹೋಗಬೇಕು. ಕಾಗದವು ಕೂದಲೆಳೆಯಷ್ಟು ಸರಿದರೂ ಕೆಂಪು ಬಣ್ಣವು ತುಟಿಯನ್ನು ಬಿಟ್ಟು ಕೆನ್ನೆಗೆ ಬೀಳುವುದು. ವರ್ಣಚಿತ್ರವನ್ನು ಸೂಕ್ಷ್ಮವಾದ ಚುಕ್ಕೆಗಳಾಗಿ ಒಡೆದು ಮಾಡುವ ಬ್ಲಾಕಿಗೆ ವೆಚ್ಚ ಹೆಚ್ಚು; ಅಗ್ಗದ ಕಾದಂಬರಿಗೆ ಅದು ಎಟಕುವಂತಹದಲ್ಲ.

ಇಂತಹ ಕಟ್ಟುಪಾಡಿನಲ್ಲಿ ಚಿತ್ರಗಾರನು ಮಾಡಿಕೊಂಡ ಉಪಾಯಗಳೇ ಅವನ ಶೈಲಿಯಾದುವು. ಬಣ್ಣಗಳನ್ನು ಬೆರೆಸದೆ ಹರವಾಗಿ ಹಚ್ಚಿದನು. ಬಣ್ಣವು ಸರಿದರೂ ಮುಚ್ಚಿಹೋಗುವಂತೆ ದಪ್ಪನಾದ ಕಪ್ಪು ರೇಖೆಯನ್ನು ಸುತ್ತಲೂ ಎಳೆದನು. ನೆರಳನ್ನು ಬಣ್ಣದಿಂದ ತೋರಿಸಲಾರದೆ ಗೀಟುಗಳಿಂದ ತೋರಿಸಿದನು. ಕಾಗದದ ಬಿಳುಪನ್ನೇ ಒಂದು ಬಣ್ಣವೆಂದೆಣಿಸಿ, ಕತ್ತಲನ್ನು ಸೀಳುವ ಬ್ಯಾಟರಿದೀಪದ ಬೆಳಕಿನ ಕೋಲನ್ನಾಗಿ ಮಾಡಿದನು. ಪತ್ತೇದಾರಿ ಹೊದಿಕೆಗಳಲ್ಲಿ ಬ್ಯಾಟರಿದೀಪವು ಅಷ್ಟು ಸಲ ಬರುವುದಕ್ಕೆ ಕತೆಗಿಂತ ಈ ಮಿತವ್ಯಯವೇ ಹೆಚ್ಚಿನ ಕಾರಣವೆಂದು ನಮ್ಮ ಊಹೆ.

ಅಕ್ಷರಗಳ ವಿಷಯವೂ ಹೀಗೆಯೇ. ದೊಡ್ಡ ಗಾತ್ರದ, ಬಗೆಬಗೆಯ ಕನ್ನಡ ಅಚ್ಚಿನ ಮೊಳೆಗಳು ವಿರಳವಾಗಿದ್ದುದರಿಂದ ಕಾದಂಬರಿಯ ಹೆಸರನ್ನು ಚಿತ್ರಗಾರನೇ ಕೈಯಿಂದ ಬರೆಯುತ್ತಿದ್ದನು. ಕನ್ನಡದ ಲಿಪಿಯು ದುಂಡಗಿನದು. ಭಯವನ್ನು ಹುಟ್ಟಿಸಲು ಒಲ್ಲದ ಸೌಮ್ಯಸ್ವಭಾವದ್ದು. ಅವನು ತಲೆಕಟ್ಟನ್ನು ಕತ್ತಿಯ ಅಲಗಿನಂತೆ ಚೂಪುಮಾಡಿದನು, ಒತ್ತಕ್ಷರದ ಬಾಲದಿಂದ ನೆತ್ತರ ಹನಿಯನ್ನು ತೊಟ್ಟಿಕ್ಕಿಸಿದನು, ಸೊನ್ನೆಯೊಳಗೆ ತಲೆಬುರುಡೆಯನ್ನಿಟ್ಟನು. ಕನ್ನಡ ಲಿಪಿಯ ಇತಿಹಾಸವನ್ನು ಶಾಸನಗಳಿಂದ ಆರಂಭಿಸಿ ಅಚ್ಚಿನ ಮೊಳೆಯ ವರೆಗೆ ತಂದು ನಿಲ್ಲಿಸುವ ನಮ್ಮ ಲಿಪಿಶಾಸ್ತ್ರಜ್ಞರು ಈ ಕೈಬರಹವನ್ನೂ ಒಂದು ಅಧ್ಯಾಯವಾಗಿ ಸೇರಿಸತಕ್ಕುದು ಯುಕ್ತವು.

ಇದಕ್ಕೆ ಪ್ರತಿಯಾಗಿ ವೆಚ್ಚಕ್ಕೆ ಹಿಂಜರಿಯದ ಇನ್ನೊಂದು ಪ್ರವಾಹವೂ ಇದ್ದಿತು. ಬಿ. ನಾಗಿರೆಡ್ಡಿ, ಚಕ್ರಪಾಣಿ ಇವರು ೧೯೪೭ರ ಜುಲೈಯಲ್ಲಿ ಮದರಾಸಿನಿಂದ ತೆಲುಗು–ತಮಿಳುಗಳಲ್ಲಿ ಆರಂಭಿಸಿ, ಬೇಗನೆ ಕನ್ನಡಕ್ಕೂ ತಂದ ‘ಚಂದಮಾಮ’ದ ಮುಖಪುಟಗಳು ಬಹುವರ್ಣದವು. ಅವುಗಳ ಮೇಲೆ ಮಹಾಭಾರತದ ಪ್ರಸಂಗಗಳನ್ನು ಬರೆದ ಎಂ. ಟಿ. ವಿ. ಆಚಾರ್ಯರು ಕನ್ನಡಿಗರು. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದು ನಡೆಯುವ ವಿಕ್ರಮನನ್ನು ನಾಲ್ಕಾರು ಪೀಳಿಗೆಯ ಮಕ್ಕಳ ಮನಸ್ಸಿನಲ್ಲಿ ನಿಲ್ಲಿಸಿದವರು ಶಂಕರ್ ಎಂದು ಹೆಸರಾದ ಕೆ. ಸಿ. ಶಿವಶಂಕರನ್ (೧೯೨೪–೨೦೨೦). ಆ ಪತ್ರಿಕೆಯು ಈಗ ನಿಂತುಹೋಗಿದೆ. ನಮ್ಮದೇ ನೆರೆಯ ಕಲಬುರಗಿಯಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು (೧೯೧೬–೧೯೯೩) ಮುಂಬಯಿಗೆ ಹೋಗಿ ಸಿನೆಮಾ ಭಿತ್ತಿಚಿತ್ರಗಳನ್ನೂ ‘ಫಿಲ್ಮ್ ಇಂಡಿಯಾ’ ಪತ್ರಿಕೆಯ ಮುಖಪುಟಗಳನ್ನೂ ಪುರಾಣಪ್ರಸಂಗಗಳ ಕ್ಯಾಲೆಂಡರುಗಳನ್ನೂ ಬರೆದು ದೇಶಪ್ರಸಿದ್ಧರಾದರು. ನಿಜಾಮರ ಸೀಮೆಯ ಕನ್ನಡಿಗನೊಬ್ಬನು ಅಖಿಲ ಭಾರತದ ಕಣ್ಣಿಗೆ ರೂಪವನ್ನು ಕೊಟ್ಟುದು ನಮಗೆ ಹೆಮ್ಮೆಯ ವಿಷಯವು.

೫

ಈಗ ಶಾಸ್ತ್ರದ ಒರೆಗಲ್ಲಿಗೆ ಬರೋಣ. ಭರತನು ಒಂದೊಂದು ರಸಕ್ಕೆ ಒಂದೊಂದು ವರ್ಣವನ್ನು ವಿಧಿಸಿರುವನು: ಶೃಂಗಾರಕ್ಕೆ ಶ್ಯಾಮ, ಹಾಸ್ಯಕ್ಕೆ ಬಿಳುಪು, ಕರುಣಕ್ಕೆ ಪಾರಿವಾಳದ ಬೂದು, ರೌದ್ರಕ್ಕೆ ಕೆಂಪು, ವೀರಕ್ಕೆ ಗೌರ, ಭಯಾನಕಕ್ಕೆ ಕಪ್ಪು, ಬೀಭತ್ಸಕ್ಕೆ ನೀಲ, ಅದ್ಭುತಕ್ಕೆ ಹಳದಿ. ಪತ್ತೇದಾರಿ ಹೊದಿಕೆಗಳನ್ನು ಹತ್ತಿಪ್ಪತ್ತು ಜೋಡಿಸಿಟ್ಟು ನೋಡಿದರೆ ಅವುಗಳಲ್ಲಿ ಮುಖ್ಯವಾದ ವರ್ಣಗಳು ಮೂರೇ ಎಂದು ಕಾಣುವುದು: ಕಪ್ಪು, ಕೆಂಪು, ಹಳದಿ. ಅಂದರೆ ಭಯಾನಕ, ರೌದ್ರ, ಅದ್ಭುತ. ಕೊಲೆಯಾಯಿತೆಂಬ ಭಯ, ಕೊಂದವನ ಕ್ರೋಧ, ಹೇಗೆ ಕೊಂದನೆಂಬ ವಿಸ್ಮಯ. ಪತ್ತೇದಾರಿ ಕತೆಯ ಸ್ಥಾಯಿಗಳು ಇವೇ ಅಲ್ಲವೆ? ಆ ಚಿತ್ರಗಾರರು ನಾಟ್ಯಶಾಸ್ತ್ರವನ್ನು ಓದಿ ಬಣ್ಣವನ್ನು ಆರಿಸಿದರೆಂದು ನಾವು ಹೇಳುವುದಿಲ್ಲ. ಕಡಮೆ ವೆಚ್ಚದಲ್ಲಿ ದೂರಕ್ಕೆ ಕಾಣುವ ಬಣ್ಣಗಳು ಅವೇ ಆಗಿದ್ದುವು. ಆದರೆ ಶಾಸ್ತ್ರವೂ ಲೋಕದ ಕಣ್ಣನ್ನು ನೋಡಿಯೇ ಹುಟ್ಟಿದುದಾದ್ದರಿಂದ ಇವೆರಡೂ ಒಂದೆಡೆ ಸೇರಿದುದು ಆಶ್ಚರ್ಯವಲ್ಲ.

ವಿಷ್ಣುಧರ್ಮೋತ್ತರದ ಮೂರನೆಯ ಖಂಡದಲ್ಲಿರುವ ಚಿತ್ರಸೂತ್ರದಲ್ಲಿ ಇನ್ನೊಂದು ಮಾರ್ಮಿಕವಾದ ಮಾತುಂಟು. ಚಿತ್ರದಲ್ಲಿ ಆಚಾರ್ಯರು ರೇಖೆಯನ್ನು ಮೆಚ್ಚುವರು, ವಿಚಕ್ಷಣರು ನೆರಳುಬೆಳಕಿನ ವರ್ತನೆಯನ್ನು, ಸ್ತ್ರೀಯರು ಆಭರಣವನ್ನು, ಉಳಿದ ಜನರು ವರ್ಣದ ಸಮೃದ್ಧಿಯನ್ನು ಮೆಚ್ಚುವರೆಂಬುದು ಅದರ ತಾತ್ಪರ್ಯ. ಸ್ತ್ರೀಯರ ವಿಷಯದ ಮಾತು ಹಾಗಿರಲಿ. ಇದನ್ನು ಓದಿದ ಪಂಡಿತರು ಅಗ್ಗದ ಹೊದಿಕೆಯು ಉಳಿದ ಜನರಿಗಾಗಿ ಹುಟ್ಟಿದುದು, ವರ್ಣವೊಂದೇ ಅದರ ಬಂಡವಾಳ ಎಂದು ತೀರ್ಮಾನಿಸಬಹುದು. ಪರೀಕ್ಷಿಸಿದರೆ ಸಂಗತಿಯು ಬೇರೆಯಾಗಿದೆ. ಎರಡು ಮೂರು ಬಣ್ಣಗಳಲ್ಲಿ ಮಾಡಬೇಕಾದ ಚಿತ್ರಕ್ಕೆ ರೇಖೆಯೇ ಪ್ರಾಣ. ರೇಖೆ ತಪ್ಪಿದರೆ ಬಣ್ಣವು ಕಾಯದು. ಒಂದೇ ಗೀಟಿನಲ್ಲಿ ಟೋಪಿಯ ಅಂಚು, ಎತ್ತಿದ ಕೋಟಿನ ಕೊರಳಪಟ್ಟಿ, ಅವೆರಡರ ನಡುವೆ ಕಂಡೂ ಕಾಣದ ಮುಖ ಇವುಗಳನ್ನು ಸೂಚಿಸುವ ಹೊದಿಕೆಗಳುಂಟು. ಉಳಿದ ಜನರಿಗೆಂದು ಬರೆದ ಚಿತ್ರದಲ್ಲಿ ಆಚಾರ್ಯರು ಮೆಚ್ಚುವ ಗುಣವು ಹೀಗೆ ಅಡಗಿ ಕುಳಿತಿದೆ.

ನಮ್ಮ ಸೀಮೆಯ ಕಣ್ಣು ಇದಕ್ಕೆ ಮೊದಲೇ ಪಳಗಿದುದೆಂದು ಹೇಳಲು ಆಧಾರವುಂಟು. ಕೊಪ್ಪಳ ತಾಲ್ಲೂಕಿನ ಕಿನ್ನಾಳದ ಚಿತ್ರಗಾರರು ಹಗುರಾದ ಮರದ ತುಂಡುಗಳನ್ನು ಕೂಡಿಸಿ, ಹುಣಿಸೆಬೀಜದ ಅಂಟಿನಲ್ಲಿ ಕಲಸಿದ ‘ಕಿಟ್ಟ’ದಿಂದ ಮೈಯನ್ನು ತಿದ್ದಿ, ಮೇಲೆ ಬಣ್ಣ ಹಚ್ಚಿ, ಗರುಡ, ಗೌರಿ, ಆನೆ, ಗಿಳಿಗಳನ್ನು ಮಾಡುವರು. ಹಂಪೆಯ ವಿರೂಪಾಕ್ಷ ದೇವಾಲಯದ ಮಂಟಪದ ಚಿತ್ರಗಳನ್ನು ಬರೆದವರು ಇವರ ಪೂರ್ವಿಕರೆಂದು ಪ್ರತೀತಿ. ಕಿನ್ನಾಳದ ಗರುಡನನ್ನು ನೋಡಿರಿ: ಬೆರಕೆಯಿಲ್ಲದ ಕೆಂಪು, ಹಸಿರು, ಹಳದಿ, ಅವುಗಳನ್ನು ಬಿಗಿದು ಹಿಡಿದ ಕಪ್ಪು ರೇಖೆ, ಅಗಲವಾಗಿ ತೆರೆದ ಕಣ್ಣು. ಉತ್ಸವದಲ್ಲಿ ನೂರು ಮಾರಿನಾಚೆ ನಿಂತ ಭಕ್ತನಿಗೂ ಕಾಣಬೇಕಾದ ಮೂರ್ತಿಗೆ ಇದು ಅವಶ್ಯವು. ಬಸ್ಸಿನ ಕಿಟಕಿಯಿಂದ ನೋಡುವ ಪ್ರಯಾಣಿಕನಿಗೆ ಕಾಣಬೇಕಾದ ಹೊದಿಕೆಗೂ ಇದೇ ಅವಶ್ಯವು. ಕಿನ್ನಾಳದವರು ಕಾದಂಬರಿಗಳಿಗೆ ಚಿತ್ರ ಬರೆದರೆಂದು ಇಲ್ಲಿ ಹೇಳುತ್ತಿಲ್ಲ; ಒಂದೇ ಪ್ರಯೋಜನವು ಎರಡು ಕಡೆ ಒಂದೇ ಲಕ್ಷಣವನ್ನು ಹುಟ್ಟಿಸಿತೆಂಬುದಿಷ್ಟೇ ಅಭಿಪ್ರಾಯ.

೬

ಇಲ್ಲಿ ಪೂರ್ವಪಕ್ಷವೊಂದು ಏಳುವುದು. ಈ ಚಿತ್ರಗಳು ಹುಸಿ ಹೇಳುವುವು. ಒಳಗಿಲ್ಲದುದನ್ನು ಹೊರಗೆ ತೋರಿಸುವುವು. ವಿಶೇಷವಾಗಿ ಹೆಂಗಸರನ್ನು ಅಸಭ್ಯವಾಗಿಯೋ ಅಂಜಿ ನಡುಗುವವರನ್ನಾಗಿಯೋ ಬರೆದು ಗಿರಾಕಿಯನ್ನು ಸೆಳೆಯುವುವು. ಇಂತಹವು ವಿದ್ವತ್ಪತ್ರಿಕೆಯಲ್ಲಿ ವಿಚಾರಕ್ಕೆ ಅರ್ಹವೆ? ಎಂದು.

ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಕತೆಯಲ್ಲಿ ಎರಡು ಮಾತನಾಡಿ ಮರೆಯಾಗುವ ಹೆಂಗಸು ಹೊದಿಕೆಯ ಮುಕ್ಕಾಲು ಪಾಲನ್ನು ಆಕ್ರಮಿಸಿರುವುದನ್ನು ನಾವೂ ಕಂಡಿದ್ದೇವೆ. ಇದನ್ನು ಅಳೆಯುವುದಕ್ಕೆ ಕ್ಷೇಮೇಂದ್ರನ ಔಚಿತ್ಯವೆಂಬ ಅಳತೆಗೋಲು ನಮ್ಮಲ್ಲಿದೆ. ಪ್ರರೋಚನೆಯು ಪ್ರಶಂಸೆಯಾದುದರಿಂದ ಅದರಲ್ಲಿ ಅತಿಶಯೋಕ್ತಿಯು ದೋಷವಲ್ಲ. ಆಡದ ನಾಟಕವನ್ನು ಆಡುವೆನೆಂದು ಸಾರುವುದು ದೋಷವು. ಕತ್ತಲೆಯ ಮನೆ, ಉರಿಯುತ್ತಿರುವ ಒಂದೇ ಕಿಟಕಿ, ಅಂಗಳದಲ್ಲಿ ಬಿದ್ದ ಕೈಗವಸು ಇಷ್ಟನ್ನೇ ಬರೆದು, ಆ ಕೈಗವಸಿನಿಂದಲೇ ಕೊಲೆಗಾರನು ಸಿಕ್ಕಿಬೀಳುವ ಕತೆಗೆ ಹೊದಿಸಿದರೆ ಅದು ಉಚಿತವಾದ ಪ್ರರೋಚನೆ. ಕೈಗವಸಿನ ಬದಲು ಅರೆಬರೆ ಉಟ್ಟ ಹೆಂಗಸನ್ನು ಬರೆದರೆ ಅದು ಓದುಗನಿಗೆ ಮಾಡಿದ ವಂಚನೆ, ಕತೆಗಾರನಿಗೆ ಮಾಡಿದ ಅನ್ಯಾಯ, ಹೆಣ್ಣಿಗೆ ಮಾಡಿದ ಅವಮಾನ. ಒಳ್ಳೆಯದನ್ನು ಕೆಟ್ಟದರಿಂದ ಬೇರ್ಪಡಿಸಿ ಹೇಳುವುದೇ ವಿಮರ್ಶಕನ ಧರ್ಮವು. ಕೆಟ್ಟದು ಕೂಡಿಬಂದಿತೆಂದು ಇಡೀ ರಾಶಿಯನ್ನು ಎಸೆಯುವುದು ಧರ್ಮವಾಗದು. ಸಂಸ್ಕೃತದ ಭಾಣ–ಪ್ರಹಸನಗಳಲ್ಲಿ ಅಶ್ಲೀಲವಿದೆಯೆಂದು ನಾವು ಅವುಗಳ ಹಸ್ತಪ್ರತಿಗಳನ್ನು ಸುಟ್ಟೆವೆ?

೭

ಕಡೆಯದಾಗಿ, ಈ ಲೇಖನವನ್ನು ಬರೆಯುವುದಕ್ಕೆ ಪ್ರೇರಕವಾದ ಸಂಗತಿಯನ್ನು ಹೇಳಬೇಕು. ತಿರುಳುಕಾಗದದಲ್ಲಿ ಮರದ ಲಿಗ್ನಿನ್ ಎಂಬ ದ್ರವ್ಯವು ಉಳಿದಿರುವುದರಿಂದ ಗಾಳಿಬೆಳಕುಗಳಿಗೆ ಅದು ಹಳದಿಯಾಗಿ, ಆಮ್ಲವು ಹೆಚ್ಚಿ, ಕೆಲವು ದಶಕಗಳಲ್ಲಿ ಮುಟ್ಟಿದರೆ ಮುರಿಯುವ ಹಪ್ಪಳದಂತಾಗುವುದು. ಹೊದಿಕೆಯ ಕಾಗದವು ಇದಕ್ಕಿಂತ ಉತ್ತಮವಾದುದು. ಪುಸ್ತಕವು ಸತ್ತರೂ ಹೊದಿಕೆಯು ಉಳಿಯಬೇಕಾಗಿದ್ದಿತು. ಆದುದು ವಿಪರೀತ. ಪುಸ್ತಕವು ಸಡಿಲವಾದ ಕೂಡಲೆ ಗ್ರಂಥಾಲಯಗಳು ಅದನ್ನು ಕಟ್ಟುವವನಿಗೆ ಕೊಡುವುವು. ಅವನು ಮೊದಲು ಮಾಡುವ ಕೆಲಸವೇ ಹೊದಿಕೆಯನ್ನು ಕಿತ್ತೆಸೆದು, ರಟ್ಟಿಗೆ ಕ್ಯಾಲಿಕೋ ಬಟ್ಟೆಯನ್ನು ಅಂಟಿಸಿ, ಬೆನ್ನಿನ ಮೇಲೆ ಸಂಖ್ಯೆಯನ್ನು ಬರೆಯುವುದು. ನಮ್ಮ ಜಿಲ್ಲೆಯ ಒಂದು ಗ್ರಂಥಾಲಯದಲ್ಲಿ ಹೀಗೆ ಕಟ್ಟಿದ ಸುಮಾರು ಮೂವತ್ತು ಪತ್ತೇದಾರಿ ಕಾದಂಬರಿಗಳನ್ನು ಈ ಲೇಖಕನು ತೆಗೆದು ನೋಡಿದನು; ಒಂದಕ್ಕೂ ಮೊದಲ ಹೊದಿಕೆಯಿರಲಿಲ್ಲ. ಹೊದಿಕೆಯ ಮೂಲೆಯಲ್ಲಿ ಎರಡಕ್ಷರದ ಸಹಿಯಾಗಿ ಉಳಿದಿದ್ದ ಚಿತ್ರಗಾರನ ಹೆಸರೂ ಅದರೊಡನೆ ಹೋಯಿತು.

೧೯೫೪ರ ಗ್ರಂಥಸಮರ್ಪಣೆಯ ಕಾನೂನು ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳುಹಿಸುವ ಪ್ರತಿಯು ಚಿತ್ರಗಳೊಡನೆ ಸಮಗ್ರವಾಗಿರಬೇಕೆಂದೂ, ಅತ್ಯುತ್ತಮ ಪ್ರತಿಗಳಲ್ಲಿದ್ದಂತೆಯೇ ವರ್ಣಗಳಿಂದ ಕೂಡಿರಬೇಕೆಂದೂ ವಿಧಿಸಿದೆ. ಕಾನೂನು ಗ್ರಂಥವನ್ನು ಸಮಗ್ರವಾಗಿ ಕಂಡಿತು. ನಮ್ಮ ಸೂಚಿಕಾರರು ಕಾಣಲಿಲ್ಲ. ನಮ್ಮ ಗ್ರಂಥಸೂಚಿಗಳಲ್ಲಿ ಕರ್ತೃ, ಪ್ರಕಾಶಕ, ವರ್ಷ, ಪುಟಸಂಖ್ಯೆಗಳಿಗೆ ಸ್ಥಳವುಂಟು. ಮುಖಪುಟದ ಚಿತ್ರಗಾರನಿಗೆ ಸ್ಥಳ ಸಿಗುವುದು ಅಪೂರ್ವ.

ಆದುದರಿಂದ ಸಾಹಿತ್ಯವನ್ನು ಬೋಧಿಸುವ ಮಹನೀಯರಲ್ಲಿ ನಮ್ಮದೊಂದು ವಿಜ್ಞಾಪನೆ. ತಮ್ಮ ಊರಿನ ಮನೆಗಳ ಅಟ್ಟಗಳಲ್ಲಿ, ಹಳೆಯ ಬಾಡಿಗೆ ಪುಸ್ತಕದಂಗಡಿಗಳಲ್ಲಿ, ರದ್ದಿಯವರ ತಕ್ಕಡಿಯ ಬಳಿಯಲ್ಲಿ ಹೊದಿಕೆಯೊಡನೆ ಉಳಿದ ಪುಸ್ತಕವು ಸಿಕ್ಕರೆ ವಿದ್ಯಾರ್ಥಿಗಳಿಂದ ಐದು ಸಂಗತಿಗಳನ್ನು ಬರೆಯಿಸಿಡಬೇಕು: ಚಿತ್ರಗಾರನ ಸಹಿ, ಮುದ್ರಣಾಲಯದ ಹೆಸರು, ಬಣ್ಣಗಳ ಸಂಖ್ಯೆ, ಬೆಲೆ, ಮತ್ತು ಚಿತ್ರಕ್ಕೂ ಕತೆಗೂ ಇರುವ ಸಂಬಂಧ. ಹೊದಿಕೆಯ ಒಂದು ಛಾಯಾಚಿತ್ರವನ್ನೂ ಜೊತೆಗಿಡಬೇಕು. ಇದಕ್ಕೆ ಹಣವು ಬೇಡ, ಸಂಸ್ಥೆಯು ಬೇಡ, ನೋಡುವ ಕಣ್ಣೊಂದು ಬೇಕು. ನಾಲ್ಕು ತಾಲ್ಲೂಕುಗಳಲ್ಲಿ ನಾಲ್ವರು ಉಪಾಧ್ಯಾಯರು ಒಂದು ವರ್ಷ ಹೀಗೆ ಮಾಡಿದರೆ ಸಹಿಗಳನ್ನು ಒಂದಕ್ಕೊಂದು ಹೋಲಿಸಿ, ಯಾವ ಚಿತ್ರಗಾರನು ಯಾವ ಊರಿನ ಯಾವ ಪ್ರಕಾಶಕನಿಗೆ ಎಷ್ಟು ಕಾಲ ಬರೆದನೆಂದು ನಿರ್ಣಯಿಸಲು ಸಾಧ್ಯವಾಗುವುದು. ಶಾಸನಗಳ ಕೊನೆಯಲ್ಲಿ ಬರುವ ರೂವಾರಿಯ ಹೆಸರನ್ನು ನಮ್ಮ ಸಂಶೋಧಕರು ಹೀಗೆಯೇ ಅಲ್ಲವೆ ಹುಡುಕಿ ಕೂಡಿಸಿದುದು?

ಗುಡಿಯನ್ನು ಜೀರ್ಣೋದ್ಧಾರ ಮಾಡುವವನು ಬಾಗಿಲವಾಡವನ್ನು ಕಿತ್ತು ಬಯಲಿಗೆಸೆದರೆ ಸುಮ್ಮನಿರದ ನಾವು ಪುಸ್ತಕದ ವಿಷಯದಲ್ಲಿ ಸುಮ್ಮನಿದ್ದೇವೆ. ಕನ್ನಡವನ್ನು ಓದಬಲ್ಲ ಜನವನ್ನು ಕನ್ನಡವನ್ನು ಓದುವ ಜನವನ್ನಾಗಿ ಮಾಡಿದ ಶ್ರೇಯಸ್ಸಿನಲ್ಲಿ ಈ ಅಜ್ಞಾತ ಚಿತ್ರಗಾರರಿಗೂ ಒಂದು ಪಾಲು ಸಲ್ಲತಕ್ಕುದು. ಆ ಪಾಲನ್ನು ಕೊಡುವುದಕ್ಕೆ ಮೊದಲು ಅವರ ಹೆಸರುಗಳನ್ನಾದರೂ ಕಂಡುಹಿಡಿಯೋಣ. ವಿದ್ವಜ್ಜನರು ಈ ವಿಷಯವನ್ನು ಪರಿಶೀಲಿಸಿ, ಇದರಲ್ಲಿ ನ್ಯೂನಾತಿರಿಕ್ತಗಳಿದ್ದರೆ ತಿಳಿಸಬೇಕಾಗಿ ಪ್ರಾರ್ಥನೆ.